ಬೇಕೆಂದೇ ಸೋಲುತ್ತಿದ್ದ ಆಟದಕ್ಕ

ಆಟದ ಸಾಮಾನಿನ ಅಂಗಡಿ ಇಟ್ಟವರಿಗೆ ದಿನವಿಡೀ ಆಟ, ಪುಣ್ಯವಂತರಪ್ಪಾ ಎಂದುಕೊಳ್ಳುವವರು ಒಂದು ವಾರ ಆಟದಕ್ಕನ ಸ್ಟೂಲಿನ ಮೇಲೆ ಕೂತು ನೋಡಬೇಕು. ಒಂದೇ ಆಟದ ನಿಯಮವನ್ನು ಬೆಳಗಿನಿಂದ ಸಂಜೆಯವರೆಗೆ ಹೇಳಿ ಹೇಳಿ ದವಡೆ ನೋಯುತ್ತದೆ. ಪೆಟ್ಟಿಗೆ ಬಿಚ್ಚಬೇಕು, ಕಾಯಿ ಜೋಡಿಸಬೇಕು, ಆಮೇಲೆ ಎಲ್ಲವನ್ನೂ ಬಾಚಿ ಮತ್ತೆ ಪೆಟ್ಟಿಗೆಗೆ ತುಂಬಬೇಕು. ಎಷ್ಟು ಹುಷಾರಾಗಿ ಬಾಚಿದರೂ ಒಂದು ಕಾಯಿ ಮೇಜಿನ ಕೆಳಗೆ ಹೋಗಿ ಕೂತಿರುತ್ತದೆ. ಅದನ್ನು ಹುಡುಕಲು ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತದೆ.

ಗಂಡ ಶುರುಮಾಡಿದ ಅಂಗಡಿ. ಮಗಳು ಇನ್ನೂ ತೊದಲುತ್ತಿದ್ದಾಗಲೇ ಆತ ತೀರಿಕೊಂಡ. ಅಂದಿನಿಂದ ಇವಳೇ ಅದನ್ನು ನಡೆಸಿಕೊಂಡು ಬಂದಳು, ಮಗಳನ್ನು ಓದಿಸಿದಳು, ಟೀಚರ್ ಮಾಡಿದಳು. ಅದೇ ಬೀದಿಯಲ್ಲಿ ಇನ್ನೂ ಎರಡು ಆಟದಂಗಡಿ ಬಂದಿದ್ದವು. ಗಾಜಿನ ಬಾಗಿಲು, ಬಣ್ಣದ ದೀಪ, ಕಪಾಟಿನ ಮೇಲೆ ‘ಮುಟ್ಟಬೇಡಿ’ ಎಂಬ ಬೋರ್ಡು. ಮುಟ್ಟಬೇಡಿ ಎಂದ ಮೇಲೆ ಜನ ಯಾಕೆ ಬರುತ್ತಾರೆ? ಎರಡೂ ಮುಚ್ಚಿಹೋದವು. ಆಟದಕ್ಕನ ಅಂಗಡಿಯಲ್ಲಿ ಪ್ರತಿ ಆಟದ ಒಂದು ಪೆಟ್ಟಿಗೆ ಸದಾ ಬಿಚ್ಚಿಯೇ ಇರುತ್ತಿತ್ತು. ಮಕ್ಕಳ ಆಟಗಳು ಮಕ್ಕಳ ಕಣ್ಣಿಗೆ ಬೀಳುವಷ್ಟೇ ಎತ್ತರದಲ್ಲಿ. ಕಳೆದುಹೋದ ಕಾಯಿಯ ಬದಲು ಅಂಗಿಯ ಗುಂಡಿ. ಬಂದವರನ್ನು ಮೇಜಿಗೆ ಕೂರಿಸಿಕೊಂಡು ಎದುರಿಗೆ ತಾನೇ ಕೂತು ಆಡುವಳು. ಮತ್ತು ಸೋಲುವಳು.

ಅದೇ ಅವಳ ಕಸುಬಿನ ಗುಟ್ಟು. ಗೆದ್ದವನು ಪೆಟ್ಟಿಗೆಯನ್ನು ಬಗಲಿಗೆ ಇಟ್ಟುಕೊಂಡು ಹೋಗುತ್ತಾನೆ. ಸೋತವನು ‘ನೋಡ್ತೀನಿ, ಆಮೇಲೆ ಬರ್ತೀನಿ’ ಅನ್ನುತ್ತಾನೆ, ಆಮೇಲೆ ಅವನ ನೆರಳೂ ಈ ಕಡೆ ಸುಳಿಯುವುದಿಲ್ಲ. ಹಾಗಂತ ಕುರುಡಿಯ ಹಾಗೆ ಆಡಿ ಸೋಲುವಂತಿಲ್ಲ. ಕೊನೆಯವರೆಗೂ ಎದುರಾಳಿಯ ಎದೆ ಢವಢವ ಅನ್ನಿಸಿ, ಕೂದಲೆಳೆಯಲ್ಲಿ ಸೋಲಬೇಕು. ‘ಅಯ್ಯೋ, ಕಣ್ಣೆದುರೇ ಇತ್ತಲ್ಲ!’ ಎಂದು ಹಣೆ ಚಚ್ಚಿಕೊಳ್ಳಬೇಕು. ಇದನ್ನು ಅವಳು ಎಷ್ಟು ವರ್ಷದಿಂದ ಮಾಡುತ್ತಿದ್ದಳೆಂದರೆ, ಗೆಲ್ಲುವ ದಾರಿ ಕಂಡ ಕೂಡಲೇ ಕೈ ತಾನಾಗಿಯೇ ಬೇರೆ ಕಡೆಗೆ ಹೋಗುತ್ತಿತ್ತು.

ಒಂದು ಸಂಜೆ ಮಗಳು ಶಾಲೆಯಿಂದ ನೇರ ಅಂಗಡಿಗೆ ಬಂದಳು. ಮುಖ ಬಾಡಿತ್ತು.

“ಅಮ್ಮ, ನೀನು ಒಂದೆರಡು ದಿನ ನಮ್ಮ ಶಾಲೆಗೆ ಬರ್ತೀಯಾ?”

“ನನ್ನ ಸೊಂಟ ನೋಡಿದ್ಯಾ? ಇಲ್ಲಿಂದ ಬಾಗಿಲಿಗೆ ಹೋದ್ರೆ ವಾಪಸ್ ಬರೋಕೆ ಆಗಲ್ಲ.”

“ತಮಾಷೆ ಬೇಡಮ್ಮ. ಆಟದ ಪೀರಿಯಡ್ ತೆಗೀತಾರಂತೆ.”

ಆ ಪೀರಿಯಡ್ಡಿಗಾಗಿ ಮಗಳು ಎರಡು ವರ್ಷ ಹೆಡ್ ಮೇಡಂ ಬೆನ್ನು ಬಿದ್ದಿದ್ದಳು. ಲೆಕ್ಕ ಎಂದರೆ ಬೆಚ್ಚಿಬೀಳುವ ಮಕ್ಕಳಿಗೆ ವಾರಕ್ಕೆ ಎರಡು ಪೀರಿಯಡ್ ಮೇಜಿನ ಆಟ ಆಡಿಸಿ ಕೂಡುವುದು ಕಳೆಯುವುದು ಕಲಿಸುತ್ತೇನೆ ಎಂದು ಹಟ ಹಿಡಿದು ಒಪ್ಪಿಸಿದ್ದಳು. ಮಕ್ಕಳು ಕಲಿಯುತ್ತಲೂ ಇದ್ದರು. ಆದರೆ ಸೋತವರು ಅಳುತ್ತಿದ್ದರು, ಗೆದ್ದವರು ಕುಣಿಯುತ್ತಿದ್ದರು, ಅತ್ತವರು ಕುಣಿದವರ ಜುಟ್ಟು ಹಿಡಿಯುತ್ತಿದ್ದರು. ಪಕ್ಕದ ಕ್ಲಾಸಿನ ಮೇಷ್ಟ್ರು ಗಲಾಟೆ ಎಂದು ದೂರು ಕೊಟ್ಟರು. ಶುಕ್ರವಾರ ತಾವೇ ಬಂದು ಕೂತು ನೋಡುವುದಾಗಿಯೂ, ಆಮೇಲೆ ಇಡುವುದೋ ಬಿಡುವುದೋ ಹೇಳುವುದಾಗಿಯೂ ಹೆಡ್ ಮೇಡಂ ತಿಳಿಸಿದ್ದರು.

ಬುಧವಾರ ಆಟದಕ್ಕ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಹೋದಳು. ಸುಣ್ಣ ಉದುರುವ ಗೋಡೆ, ಕುಂಟುವ ಬೆಂಚು, ಸೀಮೆಸುಣ್ಣದ ಪುಡಿಯ ವಾಸನೆ. ಮಕ್ಕಳು ಅವಳಿಗೆ ‘ಆಟದಜ್ಜಿ’ ಎಂದು ಹೆಸರಿಟ್ಟರು. ಪೇಟೆಗೆಲ್ಲ ಅಕ್ಕನಾಗಿದ್ದವಳು ಇಲ್ಲಿ ಕಾಲಿಟ್ಟ ಗಳಿಗೆಯಲ್ಲೇ ಅಜ್ಜಿಯಾಗಿದ್ದು ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ.

ಆಟ ಸುಲಭದ್ದು. ಹಲಗೆಯ ಮೇಲೆ ಹತ್ತು ಮನೆ ಅಗಲದ ನದಿ. ನಡುವೆ ಮರದ ಪಟ್ಟಿಗಳ ರಾಶಿ, ಒಂದು ಮನೆಯಷ್ಟು ಉದ್ದದ್ದರಿಂದ ಐದು ಮನೆಯಷ್ಟು ಉದ್ದದ್ದರವರೆಗೆ. ಸರದಿಯಂತೆ ಒಂದೊಂದು ಪಟ್ಟಿ ತೆಗೆದು ತಮ್ಮ ತಮ್ಮ ಸೇತುವೆಗೆ ಜೋಡಿಸಬೇಕು. ಸರಿಯಾಗಿ ಹತ್ತು ಯಾರದು ಮೊದಲಾಗುತ್ತದೋ ಅವರು ಗೆದ್ದರು. ಹತ್ತು ದಾಟಿದರೆ ಸೇತುವೆ ಕುಸಿದ ಹಾಗೆ.

ಮಗಳು ಅವಳನ್ನು ಒಂದು ಹುಡುಗಿಯ ಎದುರು ಕೂರಿಸಿದಳು. ಕ್ಲಾಸಿನಲ್ಲಿ ಅದರ ಹೆಸರು ಗುಡುಗು. ಸೋತರೆ ಹಲಗೆಯನ್ನೇ ಎತ್ತಿ ಮಗುಚುತ್ತಿತ್ತು. ಮೂರು ಸಲ ಆಟದಿಂದ ಹೊರಗೆ ಹಾಕಿದ್ದರೂ ಬುದ್ಧಿ ಬಂದಿರಲಿಲ್ಲ. ಆಟದಕ್ಕ ಕೊನೆಯವರೆಗೆ ಬಿಗಿಯಾಗಿ ಆಡಿದಳು, ಆರು ಆಗಿದ್ದಾಗ ಐದರ ಪಟ್ಟಿ ಇಟ್ಟು ಸೇತುವೆ ಕೆಡವಿಕೊಂಡಳು.

“ಅಜ್ಜಿ, ನಿಮಗೆ ಕೂಡೋಕೂ ಬರಲ್ವಾ?” ಎಂದು ಗುಡುಗು ಕನಿಕರದಿಂದ ಕೇಳಿತು.

“ವಯಸ್ಸಾಯ್ತಲ್ಲ ತಾಯಿ.”

ಅಂದು ಆಟದಕ್ಕ ಮೇಜಿನಿಂದ ಮೇಜಿಗೆ ಹೋಗಿ ಎಲ್ಲರ ಹತ್ತಿರವೂ ಸೋತಳು. ಅಳು ಇಲ್ಲ, ಜಗಳ ಇಲ್ಲ. ಮಕ್ಕಳು ಅವಳ ಸೆರಗು ಬಿಡಲೊಲ್ಲವು. ಇಷ್ಟೇನಾ ಕೆಲಸ, ಶುಕ್ರವಾರವೂ ಹೀಗೇ ದಾಟಿಸಿದರಾಯಿತು ಎಂದು ಅವಳು ಉಸ್ಸಪ್ಪಾ ಎಂದು ಕೂತಳು. ಮಕ್ಕಳು ಹೊರಗೆ ಓಡಿದ ಮೇಲೆ ಮಗಳು ಪಟ್ಟಿಗಳನ್ನು ಪೆಟ್ಟಿಗೆಗೆ ಎಸೆಯತೊಡಗಿದಳು. ಆ ಎಸೆತದಲ್ಲೇ ಸಿಟ್ಟು ಗೊತ್ತಾಗುತ್ತಿತ್ತು.

“ಯಾಕೇ? ಚೆನ್ನಾಗೇ ಆಯ್ತಲ್ಲ?”

“ಏನು ಚೆನ್ನಾಗಾಯ್ತು? ನೀನು ಹೋದ್ಮೇಲೆ ಇವರು ಒಬ್ಬರಿಗೊಬ್ಬರು ತಾನೇ ಆಡಬೇಕು? ಆಗ ಒಬ್ಬರು ಸೋಲಲೇಬೇಕಲ್ಲ?”

“ಚಿಕ್ಕ ಮಕ್ಕಳು ಕಣೇ. ಗೆದ್ದರೆ ಖುಷಿಯಾಗಿರ್ತಾರೆ.”

“ನಾನೂ ಖುಷಿಯಾಗೇ ಇದ್ದೆ.” ಮಗಳು ಪೆಟ್ಟಿಗೆಯ ಮುಚ್ಚಳ ಹಾಕಲಿಲ್ಲ, ಹಿಡಿದುಕೊಂಡೇ ನಿಂತಳು. “ಟ್ರೈನಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಮೊದಲ ಸಲ ಒಂದು ಆಟ ಸೋತೆ ಅಮ್ಮ. ಅಷ್ಟು ದೊಡ್ಡ ಹುಡುಗಿ, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತೆ. ಆಟ ಸೋತಿದ್ದಕ್ಕಲ್ಲ. ಮನೇಲಿ ನಾನು ಗೆದ್ದಿದ್ದೆಲ್ಲ ಸುಳ್ಳು ಅಂತ ಅವತ್ತು ಗೊತ್ತಾಯ್ತು. ಅಂದಿನಿಂದ ನೀನು ‘ಭೇಷ್ ಮಗಳೇ’ ಅಂದ್ರೆ ನಂಗೆ ನಂಬೋಕೇ ಆಗಲ್ಲ. ನನ್ನನ್ನೂ ಗಿರಾಕಿ ಥರ ನೋಡಿದೆ ನೀನು.”

ಆಟದಕ್ಕ ಬೇಸತ್ತು ಅಂಗಡಿ ಮುಚ್ಚಿ ಮನೆಗೆ ಬಂದ ಎಷ್ಟೋ ಸಂಜೆ, ಕಣ್ಣು ಎಳೆಯುತ್ತಿದ್ದರೂ ಮಗುವಿನ ಎದುರು ಕೂತು ಆಡಿದ್ದಳು. ಅಪ್ಪನಿಲ್ಲದ ಕೂಸು, ಮನೆಯಲ್ಲಾದರೂ ಗೆಲ್ಲಲಿ ಎಂದು ಸೋತಿದ್ದಳು. ಆ ಪ್ರೀತಿಗೆ ಇಷ್ಟು ವರ್ಷದ ಮೇಲೆ ಹೀಗೆ ಲೆಕ್ಕ ಕೇಳುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡಕ್ಕೂ ತ್ರಾಣವಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳು.

ಆದರೂ ಶುಕ್ರವಾರ ಬಂದಳು. ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ ಕನ್ನಡಕ ಏರಿಸಿ ಕೂತಿದ್ದರು. ಗುಡುಗು ಅಜ್ಜಿಯೇ ಬೇಕೆಂದು ಹಟ ಮಾಡಿ ಅವಳನ್ನೇ ಎದುರು ಕೂರಿಸಿಕೊಂಡಿತು. ಕೂಡಲು ಬಾರದ ಅಜ್ಜಿಯನ್ನು ಮತ್ತೊಮ್ಮೆ ಸೋಲಿಸುವ ಆಸೆ ಯಾರಿಗಿಲ್ಲ? ಇಬ್ಬರದೂ ಏಳು ಆಯಿತು. ಇಬ್ಬರಿಗೂ ಬೇಕಿದ್ದದ್ದು ಮೂರು. ರಾಶಿಯಲ್ಲಿ ಮೂರರ ಪಟ್ಟಿ ಉಳಿದದ್ದು ಒಂದೇ ಒಂದು, ಸರದಿ ಆಟದಕ್ಕನದು.

ಕೈ ಎಂದಿನಂತೆ ಒಂದರ ಪಟ್ಟಿಯ ಕಡೆಗೆ ಹೋಯಿತು. ಅದನ್ನು ಇಟ್ಟರೆ ಗುಡುಗು ಗೆಲ್ಲುತ್ತದೆ, ಕ್ಲಾಸು ತಣ್ಣಗಿರುತ್ತದೆ, ಮೇಡಂ ತಲೆಯಾಡಿಸುತ್ತಾರೆ, ಪೀರಿಯಡ್ ಉಳಿಯುತ್ತದೆ. ಅವಳು ತಲೆಯೆತ್ತಿ ಮಗಳನ್ನು ನೋಡಿದಳು. ಮಗಳು ಆ ಕೈಯನ್ನೇ ನೋಡುತ್ತಿದ್ದಳು. ಆಟದಕ್ಕ ಮೂರರ ಪಟ್ಟಿ ಎತ್ತಿ ಸೇತುವೆಗೆ ಜೋಡಿಸಿದಳು.

ಗುಡುಗಿನ ಕೆನ್ನೆ ಕೆಂಪಗಾಯಿತು. ಮರುಗಳಿಗೆ ಹಲಗೆ ಮಗುಚಿ ಬಿತ್ತು. ಪಟ್ಟಿಗಳು ಚಟಪಟ ಹಾರಿದವು, ಒಂದು ಹೆಡ್ ಮೇಡಂ ಕಾಲಬುಡದಲ್ಲೇ ಬಿತ್ತು. ಆಟದಕ್ಕ ಬೈಯಲಿಲ್ಲ, ಬಗ್ಗಿ ಎತ್ತಲೂ ಇಲ್ಲ. “ನೀನು ಚೆನ್ನಾಗಿ ಆಡಿದೆ. ನಾನು ಗೆದ್ದೆ. ಇನ್ನೊಂದು ಆಟ ಆಡೋಣ್ವಾ?” ಎಂದಳು. ಹುಡುಗಿ ಬಹಳ ಹೊತ್ತು ಮುಖ ಊದಿಸಿಕೊಂಡು ನಿಂತಿತ್ತು. ಆಮೇಲೆ ಮೂಗು ಒರೆಸಿಕೊಂಡು ಬೆಂಚುಗಳ ಕೆಳಗೆ ತೆವಳಿ ಪಟ್ಟಿಗಳನ್ನು ಆರಿಸತೊಡಗಿತು.

ಅಷ್ಟರಲ್ಲಿ ಹೆಡ್ ಮೇಡಂ ಎದ್ದಾಗಿತ್ತು. ಬಾಗಿಲಲ್ಲಿ ಮಗಳನ್ನು ಕರೆದು, “ಆಟ ಕೆಟ್ಟದ್ದು ಅಂತ ನಾನು ಹೇಳಲ್ಲಮ್ಮ. ಆದರೆ ನಾಳೆ ಆ ಪಟ್ಟಿ ಯಾರದಾದ್ರೂ ಕಣ್ಣಿಗೆ ಬಿದ್ರೆ ಅವರ ಮನೆಯವರಿಗೆ ಉತ್ತರ ಹೇಳೋಳು ನಾನು. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ” ಎಂದರು. ಕೆಟ್ಟ ಹೆಂಗಸೇನಲ್ಲ, ಅವರೂ ದಣಿದವರೇ. ಆದರೆ ಮುಂದಿನ ವರ್ಷ ಎಂದರೆ ಏನೆಂದು ಶಾಲೆಯಲ್ಲಿ ದುಡಿದವರಿಗೆಲ್ಲ ಗೊತ್ತು.

ತಾಯಿ ಮಗಳು ಅಂಗಡಿಯವರೆಗೆ ನಡೆದು ಬಂದರು. ಬೀಗ ತೆಗೆಯುತ್ತಾ ಆಟದಕ್ಕ ಹೇಳಿದಳು:

“ಇನ್ನೊಂದೇ ಒಂದು ಸಲ ಸೋತಿದ್ರೆ ನಿನ್ನ ಪೀರಿಯಡ್ ಉಳೀತಿತ್ತು. ಇವತ್ತೇ ಗೆಲ್ಲಬೇಕಿತ್ತಾ ಈ ಮುದುಕಿ? ನನ್ನ ಹಣೆಬರಹ.”

ಮಗಳು ಒಳಗೆ ಹೋಗಿ ಕಪಾಟಿನಿಂದ ಕೈಗೆ ಸಿಕ್ಕ ಪೆಟ್ಟಿಗೆ ಎಳೆದು ಮೇಜಿನ ಮೇಲಿಟ್ಟಳು, ಕರಿ ಬಿಳಿ ಕಾಯಿಗಳ ಒಂದು ಆಟ. “ಕೂತ್ಕೋ ಅಮ್ಮ. ನನ್ನ ಹತ್ರ ಆಡು. ನಿಜವಾಗಿ ಆಡು.”

ಆಟದಕ್ಕ ಆಡಿದಳು. ಮಗಳ ಕಾಯಿಗಳು ಒಂದೊಂದಾಗಿ ಹೋದವು. ಬಿಡಲೇ, ಇಲ್ಲೊಂದು ಬಿಟ್ಟುಕೊಡಲೇ ಎಂದು ಪ್ರತಿ ಸರದಿಗೂ ಅವಳ ಕೈ ತಡೆಯುತ್ತಿತ್ತು. ಬಿಡಲಿಲ್ಲ. ಮಗಳು ಹೀನಾಯವಾಗಿ ಸೋತಳು. ಅವಳ ಕಣ್ಣಂಚು ಒದ್ದೆಯಾಯಿತು, ಕೈ ಹಲಗೆಯ ಅಂಚಿನ ಮೇಲೆ ಬಿಗಿಯಾಯಿತು. ಒಂದು ಗಳಿಗೆ ಇವಳೂ ಮಗುಚುತ್ತಾಳೋ ಏನೋ ಎಂದು ಆಟದಕ್ಕನಿಗೆ ಅನ್ನಿಸಿತು. ಅಂಗಡಿಗೆ ಬಂದ ಇಬ್ಬರು ಗಿರಾಕಿಗಳು ಕಾದು ಕಾದು ಕೆಮ್ಮಿದರು. ಆಟದಕ್ಕ ತಿರುಗಿಯೂ ನೋಡಲಿಲ್ಲ.

ಮಗಳು ಕಣ್ಣೊರೆಸಿಕೊಂಡಳು. “ಎಲ್ಲಿ ತಪ್ಪಿದೆ? ತೋರಿಸು” ಎಂದಳು.

ಆಟದಕ್ಕ ಸೊಂಟ ಹಿಡಿದುಕೊಂಡು ಎದ್ದಳು, ಸ್ಟೂಲನ್ನು ಮೇಜಿನ ಆ ಕಡೆಗೆ ಎಳೆದುಕೊಂಡು ಹೋಗಿ ಮಗಳ ಪಕ್ಕದಲ್ಲಿ ಕೂತಳು.

“ಇಲ್ಲಿ ನೋಡು,” ಎಂದಳು, “ಇಲ್ಲಿ ಆತುರ ಬಿದ್ದೆ ನೀನು.”