ಚಂದ್ರನ ಇರುಳಿಗೆ ಬ್ಯಾಟರಿ ಆರಿಸುವಾಕೆ

ಬಿಳಿಯ ತಟ್ಟೆಯ ಮೇಲೆ ಹದಿನಾರು ಬ್ಯಾಟರಿ ಕೋಶಗಳು ಎರಡು ಸಾಲಾಗಿ ನಿಂತಿವೆ. ಪ್ರತಿಯೊಂದೂ ಹೆಬ್ಬೆರಳಿನ ಗಾತ್ರ. ಹಿಂದೆ ಶೀತಪೆಟ್ಟಿಗೆಯ ಗಾಜು. ಗಾಜಿನ ಅಂಚಿಗೆ ಹಿಮದ ತೆಳುಗೆರೆ. ಫೆಬ್ರವರಿಯ ಮೊದಲ ಬೆಳಕು ಒಂದು ಕೋಶದ ತಲೆಯನ್ನು ಮುಟ್ಟಿ, ಮುಂದಿನದಕ್ಕೆ ಸರಿಯಲು ಅವಸರವಿಲ್ಲದಂತೆ ಅಲ್ಲೇ ತಂಗಿದೆ. ತಟ್ಟೆಯ ಬದಿಯಲ್ಲಿ ಹತ್ತಿಯ ಗವಸು ತೊಟ್ಟ ಎರಡು ಕೈಗಳು. ಅವೂ ಕದಲುವುದಿಲ್ಲ.

ಆ ಕೈಗಳು ಅರವತ್ತೊಂದರ ಕುವಾಬಾರಾ ತೊಮೊಎ ಅವರವು. ಸಾಗಾಮಿಹಾರಾ ನಗರದ ಈ ಪುಟ್ಟ ಕಾರ್ಯಾಗಾರದಲ್ಲಿ ಮೂವತ್ತೊಂದು ವರ್ಷಗಳಿಂದ ಅವರದು ಒಂದೇ ಕೆಲಸ: ಚಂದ್ರ ಮತ್ತು ಬೇರೆ ಗ್ರಹಗಳ ನೆಲಕ್ಕಿಳಿಯುವ ಯಂತ್ರಗಳಿಗೆ ಕೋಶಗಳನ್ನು ಆರಿಸುವುದು. ದಿನಕ್ಕೆ ನಲವತ್ತನ್ನು ತುಂಬಿಸಿ, ಬರಿದಾಗಿಸಿ, ಚಳಿಗೊಡ್ಡಿ, ಮತ್ತೆ ಅಳೆಯುತ್ತಾರೆ. ಅವುಗಳಲ್ಲಿ ಮೂರು ಒಪ್ಪಿತವಾದರೆ ಅದು ಒಳ್ಳೆಯ ದಿನ. ಚಳಿಗಾಲದಲ್ಲಿ ಅವರ ಬೆರಳುಗಳು ಬಾತು ಕೆಂಪಾಗುತ್ತವೆ.

"ಇವು ಒಮ್ಮೆಲೇ ಸಾಯೋದಿಲ್ಲ," ಎನ್ನುತ್ತಾರೆ. "ಸೌರಫಲಕದ ಮೇಲೆ ಧೂಳು ಕೂರುತ್ತೆ, ಬಿಸಿಲು ಸಾಲದಾಗುತ್ತೆ. ಬಿಸಿಲಿಲ್ಲದಿದ್ರೆ ಒಳಗಿನ ಹೀಟರ್ ಆರುತ್ತೆ. ಹೀಟರ್ ಆರಿದ್ರೆ ಬ್ಯಾಟರಿ ಇನ್ನಷ್ಟು ಸೊರಗುತ್ತೆ. ಬಡವರ ಮನೆ ಚಳಿಗಾಲ ಇದ್ದ ಹಾಗೇನೆ. ಹದಿನಾರರಲ್ಲಿ ಒಂದು ಸೋತ್ರೂ ಮಿಕ್ಕವು ಅದರ ಜೊತೆ ಮುಳುಗ್ತವೆ."

ಅವರು ಆರಿಸಿದ ಕೋಶಗಳನ್ನು ಹೊತ್ತ 'ಹಿಬಾರಿ' ಎಂಬ ಲ್ಯಾಂಡರ್ ಚಂದ್ರನ ಮೇಲೆ ಹದಿನೈದು ದಿನಗಳಿಂದ ಮೌನವಾಗಿದೆ. ಚಂದ್ರನ ಇರುಳು ಎರಡು ವಾರದ್ದು. ಶೂನ್ಯಕ್ಕಿಂತ ನೂರೆಪ್ಪತ್ತು ಡಿಗ್ರಿ ಕೆಳಗಿನ ಚಳಿಗೆ ಕೋಶದೊಳಗಿನ ದ್ರವ ಹೆಪ್ಪುಗಟ್ಟುತ್ತದೆ, ಬೆಸುಗೆಗಳು ಬಿರಿಯುತ್ತವೆ. ಇಂದು ಅಲ್ಲಿ ಸೂರ್ಯೋದಯ. ಹಿಬಾರಿಯನ್ನು ಕಟ್ಟುವಾಗ ಹದಿನಾರರಲ್ಲಿ ಒಂದು ಕೋಶ ಒಪ್ಪಿತವಾಗದೆ ತೊಮೊಎ ಹನ್ನೊಂದು ದಿನ ಕೆಲಸ ತಡೆದಿದ್ದರು. ಹಿಬಾರಿ ಏಳದಿದ್ದರೆ ಮುಂದಿನ ಲ್ಯಾಂಡರಿಗೆ ಕಾರ್ಖಾನೆಯ ಸಿದ್ಧ ಬ್ಯಾಟರಿಯೇ ಸಾಕೆಂದು ಮೇಲಿನವರು ತೀರ್ಮಾನಿಸಿದ್ದಾರೆ. ಆಗ ಈ ಮೇಜಿನ ಕೆಲಸವೇ ನಿಲ್ಲುತ್ತದೆ.

ಇಂದು ಸವೆದ ಸೂಜಿಗಳಿಗೆ ವಿದಾಯ ಹೇಳುವ ದಿನವೂ ಹೌದು. ವರ್ಷವಿಡೀ ಗಟ್ಟಿ ಲೋಹಕ್ಕೆ ಚುಚ್ಚಿದ ಅಳತೆಸೂಜಿಗಳನ್ನು ಹಳೆಯ ಪದ್ಧತಿಯಂತೆ ಮೆತ್ತನೆಯ ಸೋಯಾ ಗಿಣ್ಣಾದ ತೋಫುವಿನಲ್ಲಿ ಊರಿ ಎಲ್ಲರೂ ತಲೆಬಾಗುತ್ತಾರೆ. ಮೇಲ್ವಿಚಾರಕ ಇನಗಾಕಿ ತೋಫುವಿನ ಪಕ್ಕದಲ್ಲಿ ಒಂದು ಚೀಟಿಯನ್ನೂ ಇಟ್ಟಿದ್ದಾರೆ. ಅದರ ಮೇಲೆ ಬರೆದ ಹೆಸರು: ಹಿಬಾರಿ.

ತೊಮೊಎ ಚೀಟಿಯನ್ನು ಎತ್ತಿಕೊಳ್ಳುತ್ತಾರೆ. "ಇನಗಾಕಿ-ಸಾನ್, ಉಸಿರಿರೋರಿಗೆ ಯಾರಾದ್ರೂ ತಿಥಿ ಮಾಡ್ತಾರಾ? ನಿಮ್ಮತ್ತೆಗೆ ಜ್ವರ ಬಂದಾಗ್ಲೂ ಹೀಗೇ ಮಾಡಿದ್ರಾ?"

"ಅಂತ್ಯಕ್ರಿಯೆಯ ಹೂವಿಗೂ ಹೇಳಿಬಿಟ್ಟಿದ್ದೆ. ಅವರು ಎದ್ದು ಕೂತು ಬೈದ್ರು."

"ಮತ್ತೆ? ಇದಕ್ಕೂ ಬೈಯೋಕೆ ಒಂದವಕಾಶ ಕೊಡಿ."

ಒಂಬತ್ತೂ ಇಪ್ಪತ್ತಕ್ಕೆ ಫೋನು ಗುನುಗುತ್ತದೆ. ಇನಗಾಕಿ ಕೇಳಿಸಿಕೊಂಡು ಫೋನು ಕೆಳಗಿಡುತ್ತಾರೆ. "ಎದ್ದಿದೆಯಂತೆ, ಕುವಾಬಾರಾ-ಸಾನ್. ಫಲಕಕ್ಕೆ ಬಿಸಿಲು ತಾಗಿ ಸ್ವಲ್ಪ ಹೊತ್ತಿಗೇ ಸಂಕೇತ ಬಂತಂತೆ."

"ಕೋಶಗಳು?"

"ಬಹಳ ಸೊರಗಿವೆ. ಆದ್ರೆ ಹದಿನಾರೂ ಒಂದೇ ಮಟ್ಟದಲ್ಲಿವೆಯಂತೆ."

ತೊಮೊಎ ಗವಸು ಕಳಚಿ, ಬಾತ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತಾರೆ.

"ಒಂದಿನ ಅದು ಏಳೋದಿಲ್ಲ. ಇನ್ನೊಂದು ರಾತ್ರಿನೋ, ಎರಡೋ. ಅಲ್ಲೀವರೆಗೂ ಯಾವೊಂದು ಕೋಶವೂ ಹಿಂದೆ ಬೀಳಬಾರ್ದು, ಅಷ್ಟೇ ನನ್ನಾಸೆ."

"ನಿಯಂತ್ರಣ ಕೇಂದ್ರದೋರು ನಿಮ್ಮನ್ನ ಕರೀತಿದ್ದಾರೆ. ಕಾರು ಬರುತ್ತೆ."

"ನೀವು ಹೋಗಿ ಕೈಕುಲುಕಿ ಬನ್ನಿ. ನಿಮ್ಮ ಕೈ ನೋಡೋಕೂ ಚೆನ್ನಾಗಿದೆ. ನನಗಿವತ್ತಿನ ನಲವತ್ತು ಬಾಕಿಯಿವೆ."

ಕೋಟಿನ ಗುಂಡಿ ಹಾಕಿಕೊಂಡು ತೊಮೊಎ ಶೀತ ಪರೀಕ್ಷಾ ಕೋಣೆಗೆ ನಡೆಯುತ್ತಾರೆ. ದಪ್ಪನೆಯ ಬಾಗಿಲು ಅವರ ಬೆನ್ನ ಹಿಂದೆ ಮೆಲ್ಲನೆ ಮುಚ್ಚಿಕೊಳ್ಳುತ್ತದೆ.