ಮಠಕ್ಕೆ ತಗಡು ಹೊದಿಸಿದ ತಾತ

ಚಿನ್ನದ ಗಣಿ ಮುಚ್ಚಿಹೋದ ಉರಿಗಾಂನಲ್ಲಿ ಹಳೆಯ ಕ್ಲಬ್ಬು ಕಾಯುತ್ತಿದ್ದ ತಾತನಿಗೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಒಂದೇ ಒಂದು ಪಾಠ ಗೊತ್ತಿತ್ತು. ಗಣಿಯ ಇಂಗ್ಲಿಷ್ ದೊರೆಯೊಬ್ಬರು ತಮ್ಮೂರಿನ ಕ್ರೈಸ್ತ ಸನ್ಯಾಸಿಗಳ ಹಾಳುಬಿದ್ದ ಮಠದ ಚಿತ್ರ ಬರೆದು ಕ್ಲಬ್ಬಿನ ಗೋಡೆಯ ಮೇಲೆ ಬಿಟ್ಟುಹೋಗಿದ್ದರು. ಯಾರೇ ಬರಲಿ, ತಾತ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಆ ಚಿತ್ರ ತೋರಿಸಿ ಪಾಠ ಶುರುಮಾಡುತ್ತಿದ್ದರು.

"ಅಲ್ಲಿನ ರಾಜ ಸನ್ಯಾಸಿಗಳ್ನ ಓಡಿಸ್ಬುಟ್ಟು ಚಾವಣಿಗೆ ಒದ್ಸಿದ್ ಸೀಸದ ತಗಡ್ನೆಲ್ಲ ಕಿತ್ಕೊಂಡ. ಮಿಕ್ಕಿದ್ ಕಲ್ಲು ಊರೋರು ಒತ್ಕೊಂಡೋದ್ರು. ನ್ಯಾಯವೇನ್ಲಾ ಇದು?"

ಹೋದ ವರ್ಷ ದೊರೆಯ ಮೊಮ್ಮಗಳು ಆ ಚಿತ್ರವನ್ನು ಒಯ್ಯಲೆಂದೇ ಬಂದರು. ತಾತನ ಮುಖ ಬಾಡಿತು. ಚಿತ್ರ ನೋಡಿ ಆಕೆಯ ಮುಖವೂ ಬಾಡಿತು. ಮಠದ ಮೇಲೆ ಬೆಳ್ಳಿ ಬಣ್ಣದ ತಗಡಿನ ಚಾವಣಿ, ಥೇಟ್ ನಮ್ಮ ಗಣಿ ಕಾರ್ಮಿಕರ ಮನೆಗಳದ್ದೇ!

"ಮಳೆ ಬಂದ್ರೆ ಸನ್ಯಾಸಿಗಳು ನೆನೀತಾರಲ್ಲಮ್ಮ! ಗೇಟಿಗ್ ಬಳಿದ ಪೇಂಟು ಮಿಕ್ಕಿತ್ತು," ಎಂದರು ತಾತ.

ಹಾಳಾಗಿದ್ದುದೇ ಅದರ ಚೆಂದ ಎಂದು ಆಕೆ ಇಂಗ್ಲಿಷಿನಲ್ಲಿ ಗೊಣಗಿದ್ದನ್ನು ದುಭಾಷಿಯಾಗಿ ನಿಂತಿದ್ದ ನಾನು ತಾತನಿಗೆ ಹೇಳಿದೆ.

"ಬಿದ್ದೋಗಿರೋದೇ ಬೇಕಿದ್ರೆ ಒರಗಡೆ ಓಗಿ ನೋಡಕ್ಕೇಳು. ಉರಿಗಾಂ ತುಂಬಾ ಅದೇ ಐತೆ!"

ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ಆಕೆ ಬಿದ್ದು ಬಿದ್ದು ನಕ್ಕರು. ಚಿತ್ರ ಇಲ್ಲೇ ಇರಲಿ ಎಂದು ಹೊರಟರು. ಕಾರು ಗೇಟು ದಾಟುವ ಮೊದಲೇ ತಾತ ಸ್ಟೂಲು ಹತ್ತಿ ನನ್ನ ಕಡೆ ಕೈಚಾಚಿದರು.

"ಬ್ರಷ್ ಕೊಡ್ಲಾ. ಮಠಕ್ಕೆ ಬಾಗ್ಲು ಇಡೋದು ಮರ್ತಿದ್ದೆ. ಆ ರಾಜ ತಿರ್ಗಾ ಬಂದ್ರೆ?"