ಇಪ್ಪತ್ತೊಂದು ಕಿರಣದ ಹೆಂಚು

ಲಾಲಾಳ ಬಾಯಿಗೆ ಬೀಗ ಹಾಕುವ ಗಂಡಸು ಆ ಕಣಿವೆಯಲ್ಲಿ ಹುಟ್ಟಿರಲಿಲ್ಲ. ಬ್ಯಾಪ್ಟಿಸಂ ಪುಸ್ತಕದಲ್ಲಿ ಅವಳ ಹೆಸರು ಎವುಲಾಲಿಯಾ. ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗಿತ್ತು? ಮೂವತ್ತೊಂದು ವರ್ಷ ಸ್ಕೂಲಿನ ಅಡುಗೆಮನೆಯಲ್ಲಿ ಸೌಟು ಹಿಡಿದು ಇಡೀ ಊರಿನ ಮಕ್ಕಳನ್ನು ಗದರಿಸಿ, ಉಣ್ಣಿಸಿ ಬೆಳೆಸಿದವಳು. ಆ ಮಕ್ಕಳಲ್ಲಿ ಒಬ್ಬ ಈಗ ಶೆರೀಫ್. ಅವನು ಕಾರು ನಿಲ್ಲಿಸಿ ದಂಡದ ಚೀಟಿ ಬರೆಯಲು ಬಂದರೆ, "ಬಟಾಣಿ ತಿಂತೀಯೇನೋ ಈಗಲಾದ್ರೂ?" ಎಂದು ಕೇಳುವಳು. ಪಾದ್ರಿಗಳ ಪ್ರವಚನ ಉದ್ದವಾದರೆ ಮೊದಲ ಸಾಲಿನಲ್ಲೇ ಕೂತು ಕೈಗಡಿಯಾರ ಬಿಚ್ಚಿ, ನಿಂತುಹೋಗಿದೆಯೋ ಏನೋ ಎನ್ನುವ ಹಾಗೆ ಕಿವಿಗೆ ಹಿಡಿದು ನೋಡುವಳು.

ಇಷ್ಟೆಲ್ಲ ಮಾತಿದ್ದರೂ ಒಂದು ವಿಷಯದಲ್ಲಿ ಮಾತ್ರ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅದು ಇಗರ್ಜಿಯ ನೆಲದ ವಿಷಯ.

ಸಾಂತಾ ಎದುವಿಹೆಸ್ ಸಣ್ಣ ಇಗರ್ಜಿ. ಸ್ಪೇನಿನವರು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿಸಿದ ಹಳೆಯ ಮಿಷನ್‌ಗಳನ್ನು, ಅಂದರೆ ಪಾದ್ರಿಗಳ ಮಠಗಳನ್ನು, ಎಣಿಸುವವರೆಲ್ಲ ಇಪ್ಪತ್ತೊಂದಕ್ಕೆ ನಿಲ್ಲಿಸುತ್ತಾರೆ. ಇದು ಆ ಲೆಕ್ಕದಲ್ಲಿಲ್ಲ. ಸ್ಪೇನಿನ ಪಾದ್ರಿಗಳು ದೊಡ್ಡ ಮಿಷನ್‌ನಿಂದ ಕುದುರೆ ಏರಿ ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಿದ್ದ ಮರಿ ಮಿಷನ್ ಇದು. ಪ್ರವಾಸಿಗಳ ಬಸ್ಸು ಹೆದ್ದಾರಿಯಲ್ಲೇ ಭರ್ರೆಂದು ಹೋಗಿಬಿಡುತ್ತದೆ. ಆದರೂ ಬಾಗಿಲ ಪಕ್ಕದಲ್ಲಿ ಒಂದು ಫಲಕವಿದೆ: "ಇದು 1812ರ ಮೂಲ ನೆಲ. ದಯವಿಟ್ಟು ಮೆಲ್ಲಗೆ ನಡೆಯಿರಿ." ಲಾಲಾ ಪ್ರತಿ ಭಾನುವಾರ ಆ ಫಲಕದ ಮುಂದೆ ನಿಂತು, "ಹಸಿ ಸುಳ್ಳು" ಎಂದು ಹೇಳಿ, ಶಿಲುಬೆಯ ಗುರುತು ಮಾಡಿಕೊಂಡು, ಬೇಕೆಂದೇ ದಪದಪ ಹೆಜ್ಜೆ ಹಾಕಿ ಒಳಗೆ ಹೋಗುವಳು.

ಯಾಕೆಂದರೆ ಆ ನೆಲದ ಹೆಂಚು ಮಾಡಿದವನು ಅವಳ ಅಪ್ಪ. 1957ರಲ್ಲಿ. ಇಗರ್ಜಿ ಕುರಿದೊಡ್ಡಿಯಾಗಿ ಹಾಳುಬಿದ್ದಿದ್ದ ಕಾಲವದು. ಪಟ್ಟಣದ ಶ್ರೀಮಂತ ಹೆಂಗಸರ ಕ್ಲಬ್ಬು ದುರಸ್ತಿಗೆ ಬಂದಿತು. "ಹೊಸದು ಅಂತ ಯಾರಿಗೂ ಗೊತ್ತಾಗಬಾರದು" ಎಂದು ಆ ಅಮ್ಮಂದಿರು ಕಟ್ಟಪ್ಪಣೆ ಮಾಡಿದರು. ಅಪ್ಪ ತನ್ನ ಅಜ್ಜಿ ತೋರಿಸಿಕೊಟ್ಟಿದ್ದ ಹಳ್ಳದ ದಂಡೆಯ ಮಣ್ಣನ್ನೇ ತಂದ. ಅಜ್ಜಿ ಈ ಕಣಿವೆಯ ಮೂಲ ಜನದವಳು. ಪಾದ್ರಿಗಳ ಕಾಲದಲ್ಲಿ ಮೊದಲ ಹೆಂಚು ತಟ್ಟಿದ್ದು ಅವಳ ಹಿರಿಯರೇ. ಅದೇ ಮಣ್ಣು, ಅದೇ ಬಿಸಿಲು, ಅದೇ ಓಕ್ ಸೌದೆಯ ಭಟ್ಟಿ. ಗೊತ್ತಾಗಬಾರದು ಎಂದಿದ್ದರು, ಗೊತ್ತಾಗದ ಹಾಗೇ ಮಾಡಿಕೊಟ್ಟ. ಮಾಡಿದ್ದೇ ತಪ್ಪಾಯಿತು ನೋಡಿ! ಎರಡೇ ವರ್ಷದಲ್ಲಿ ಕ್ಲಬ್ಬಿನ ಪುಸ್ತಕದಲ್ಲಿ "ಹಳೆಯ ನೆಲವನ್ನೇ ಉಳಿಸಿಕೊಳ್ಳಲಾಯಿತು" ಎಂದು ಅಚ್ಚಾಯಿತು. ಹಿತ್ತಾಳೆ ತಗಡಿನ ಮೇಲೆ ಹದಿನಾಲ್ಕು ಹೆಂಗಸರ ಹೆಸರೂ ಒಬ್ಬ ಬಿಷಪ್ಪನ ಹೆಸರೂ ಕೂತವು. ಮಣ್ಣು ತುಳಿದವನ ಹೆಸರು ಎಲ್ಲೂ ಇಲ್ಲ.

"ಗೊತ್ತಾಗ್ಲಿಲ್ಲ ಅಂದ್ರೆ ಕೆಲಸ ಚೆನ್ನಾಗಿದೆ ಅಂತ ತಾನೇ ಮಗಳೇ" ಎಂದು ನಕ್ಕುಬಿಟ್ಟ ಅಪ್ಪ. ಸಾಯುವವರೆಗೂ ಅಷ್ಟೇ ಅಂದ. ಅವನು ಪಡದ ಸಂಕಟವನ್ನೂ ಸೇರಿಸಿ ಲಾಲಾ ಪಟ್ಟಳು. ಅವಳಿಗೆ ಬೇಕಾಗಿದ್ದು ಒಂದೇ: ಆ ಇಗರ್ಜಿಯ ಕಾಗದಪತ್ರದಲ್ಲಿ ಎಲ್ಲಾದರೂ ಒಂದು ಕಡೆ ಅಪ್ಪನ ಹೆಸರು.

ಈಗ ಒಬ್ಬ ದಂತವೈದ್ಯರ ಕಥೆಗೆ ಬರೋಣ. ಆರಿನ್ ಬ್ಲೇಸ್‌ಡೆಲ್ ಹಲ್ಲು ಕೀಳುವ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಮಿಷನ್ ಅಧ್ಯಯನ ಸಂಘದ ಸದಸ್ಯರಾಗಿ ಮೂವತ್ತು. ಈ ಸಂಘದವರದು ಒಂದು ವಿಚಿತ್ರ ಜಾತಿ. ಇಬ್ಬರು ಮೂವರು ನಿಜವಾದ ಪ್ರೊಫೆಸರುಗಳು, ಉಳಿದವರು ಮೇಷ್ಟ್ರು, ಇಂಜಿನಿಯರು, ಕನ್ಯಾಸ್ತ್ರೀ, ಅಂಚೆಯವರು. ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಾವುದಾದರೊಂದು ಮಿಷನ್ ಊರಿನಲ್ಲಿ ಮೂರು ದಿನ ಸೇರುತ್ತಾರೆ. ಗಂಟೆ ಬಿರುಕು ಬಿಟ್ಟಿದ್ದು ಭೂಕಂಪಕ್ಕೆ ಮೊದಲೋ ಆಮೇಲೋ ಎಂದು ಕಾಫಿ ಆರುವವರೆಗೆ ಜಗಳವಾಡುತ್ತಾರೆ. ಅಳತೆ ಟೇಪು ಹಿಡಿದು ಮಣ್ಣಿನ ಗೋಡೆ ಸವರುತ್ತಾ ತಿರುಗುತ್ತಾರೆ. ಕೊನೆಯ ದಿನ ಒಬ್ಬರ ಹಳೇ ಪುಸ್ತಕ ಇನ್ನೊಬ್ಬರು ಹರಾಜಿನಲ್ಲಿ ಕೊಂಡು, ಕಣ್ಣೀರಿಟ್ಟು ಮನೆಗೆ ಹೋಗುತ್ತಾರೆ. ಪಾಪ, ಒಳ್ಳೆಯ ಜನ.

ಆ ವರ್ಷ ಅವರು ಮೊದಲ ಬಾರಿಗೆ ಸಾಂತಾ ಎದುವಿಹೆಸ್‌ಗೆ ಬಂದರು. ಕಾರಣ ಒಂದು ಪಾದ. ಚಳಿಗಾಲಕ್ಕೆ ಮುಂಚೆ, ಗೆದ್ದಲು ಹಿಡಿದ ಮರದ ತಪ್ಪೊಪ್ಪಿಗೆ ಗೂಡನ್ನು ಬಲಗೋಡೆಯ ಪಕ್ಕದಿಂದ ಸರಿಸಿದಾಗ ಅದರ ಅಡಿಯ ಹೆಂಚಿನ ಮೇಲೆ ಒಂದು ಪುಟ್ಟ ಪಾದದ ಗುರುತು ಸಿಕ್ಕಿತ್ತು. ಸುದ್ದಿ ಕೇಳಿ ಓಡಿಬಂದ ಆರಿನ್ ಮೊಣಕಾಲೂರಿಬಿಟ್ಟಿದ್ದರು.

"ಐದೂ ಬೆರಳು ಲಾಲಾ! ಇನ್ನೂರು ವರ್ಷದ ಹಿಂದಿನ ಮಗು!"

"ನನಗೆ ಅರವತ್ತಮೂರು ಡಾಕ್ಟ್ರೇ. ಅಷ್ಟೊಂದು ವಯಸ್ಸು ಮಾಡ್ಬೇಡಿ. ಅದು ನನ್ನ ಕಾಲು."

ಆರಿನ್ ನಕ್ಕರು. ಒಳ್ಳೆಯ ಮನುಷ್ಯ, ಮೆಲ್ಲಗೇ ಹೇಳಿದರು. "ಈ ವಾರದಲ್ಲಿ ನನ್ನ ಕಾಲು ಅಂತ ಹೇಳಿದವರಲ್ಲಿ ನೀವು ಐದನೆಯವರು. ಒಂದು ಪುರಾವೆ ಕೊಡಿ. ಒಂದು ರಸೀದಿ, ಒಂದು ಫೋಟೋ, ಒಂದು ಕಾಗದ."

"ನಮ್ಮಪ್ಪ ಕಾಗದದಲ್ಲಿ ಕೆಲಸ ಮಾಡ್ಲಿಲ್ಲ, ಮಣ್ಣಲ್ಲಿ ಮಾಡ್ದ."

"ಎಂಥಾ ಮಾತು!" ಎಂದು ಆರಿನ್ ಅದನ್ನೂ ತಮ್ಮ ನೋಟುಪುಸ್ತಕದಲ್ಲಿ ಬರೆದುಕೊಂಡರು. ಲಾಲಾಗೆ ನಗು ಬರುವುದೋ ಸಿಟ್ಟು ಬರುವುದೋ ತಿಳಿಯಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಆ ಚಳಿಗಾಲವೆಲ್ಲ ಪೆಟ್ಟಿಗೆ, ಕಪಾಟು, ತೀರಿಕೊಂಡ ಚಿಕ್ಕಮ್ಮನ ಹೊಲಿಗೆಡಬ್ಬಿಯನ್ನೂ ಬಿಡದೆ ತಡಕಾಡಿದಳು. ಒಂದು ಚೂರು ಚೀಟಿಯೂ ಸಿಗಲಿಲ್ಲ.

ಫೆಬ್ರವರಿಯಲ್ಲಿ ಸಂಘ ಸೇರಿದಾಗ, ಶನಿವಾರ ಬೆಳಿಗ್ಗೆ ಅಧ್ಯಕ್ಷೆ ವಿನಿಫ್ರೆಡ್ ಟಾರ್ಬೆಲ್ ತಾವೇ ನೆಲಕ್ಕೆ ಕೂತು ಆ ಹೆಂಚನ್ನು ಎಬ್ಬಿಸಿದರು. ಎಪ್ಪತ್ತನಾಲ್ಕು ವರ್ಷದ ಆ ಹೆಂಗಸು ಯಾರನ್ನೂ ಹತ್ತಿರ ಬಿಡದೆ ಕುಂಚದಲ್ಲಿ ಧೂಳು ಕೊಡವಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಹನ್ನೊಂದಕ್ಕೆ ಇಗರ್ಜಿಯ ಸಭಾಂಗಣದಲ್ಲಿ ಆರಿನ್ ಉಪನ್ಯಾಸ. ಮೂವತ್ತು ವರ್ಷದಲ್ಲಿ ಅವರ ಮೊಟ್ಟಮೊದಲ ಪ್ರಬಂಧ. ಸೋಮವಾರ ಹೆಂಚು ಜಿಲ್ಲಾ ಮ್ಯೂಸಿಯಮ್ಮಿಗೆ ಹೋಗಿ ಗಾಜಿನೊಳಗೆ ಕೂರಬೇಕು, ಮುಂದೆ ಒಂದು ಚೀಟಿ: "ಅಜ್ಞಾತ ಮಗು, 1812." ಅಲ್ಲಿಗೆ ಅಪ್ಪನ ಕಥೆ ಮುಗಿದಂತೆ. ಗಾಜಿನೊಳಗೆ ಹೋದದ್ದನ್ನು ಯಾರು ಪ್ರಶ್ನಿಸುತ್ತಾರೆ?

ಸಭಾಂಗಣಕ್ಕೆ ಅಂಟಿಕೊಂಡ ಅಡುಗೆಮನೆಯಲ್ಲಿ ಲಾಲಾ ನೂರಿಪ್ಪತ್ತು ಜನಕ್ಕೆ ಹಂದಿಮಾಂಸದ ಹಸಿಮೆಣಸಿನ ಸಾರು ಕುದಿಸುತ್ತಿದ್ದಳು. ಸೋದರತ್ತೆಯ ಮಗಳು ಚಾಯೋ ತೊರ್ತಿಯಾ ರೊಟ್ಟಿ ತಟ್ಟುತ್ತಿದ್ದಳು. ಅಡುಗೆಮನೆಗೂ ಸಭಾಂಗಣಕ್ಕೂ ನಡುವೆ ಬಡಿಸುವ ಕಿಂಡಿ.

"ಇವತ್ತು ಬಾಯಿ ತೆಗೆಯಲ್ಲ ಕಣೇ. ಎದುವಿಹೆಸಮ್ಮನ ಆಣೆ" ಎಂದಳು ಲಾಲಾ. "ಪುರಾವೆ ಇಲ್ದೆ ಕೂಗಾಡಿದ್ರೆ ಅಡುಗೆಯವಳಿಗೆ ತಲೆ ಕೆಟ್ಟಿದೆ ಅಂತಾರೆ. ಆ ಡಾಕ್ಟ್ರು ಮುದುಕಪ್ಪನೋ, ಗಂಟೆ ಚಿತ್ರ ಇರೋ ಹೊಸ ಟೈ ಕಟ್ಕೊಂಡು ಬಂದಿದೆ."

"ನೀನು ಸುಮ್ನಿರೋದಾ? ಬೀನ್ಸ್ ಸೀದ್ರೂ ಸುಮ್ನಿರ್ತಾವೆ, ನೀನಿರಲ್ಲ" ಎಂದಳು ಚಾಯೋ.

ಆರಿನ್ ಟೈ ಸರಿಮಾಡಿಕೊಂಡು ಶುರು ಮಾಡಿದರು. ಪರದೆಯ ಮೇಲೆ ಪಾದ ಮೂಡಿತು. ಬೆರಳಿನ ಅಳತೆ, ಮಗುವಿನ ವಯಸ್ಸು, ಎಲ್ಲವೂ ಆಯಿತು. "ಇನ್ನು, ಸ್ನೇಹಿತರೇ, ಇವತ್ತು ಬೆಳಿಗ್ಗೆ ಈ ಹೆಂಚಿನ ಅಡಿಭಾಗದಲ್ಲಿ ಕಂಡದ್ದು."

ಪರದೆಯ ಮೇಲೆ ಒಂದು ದುಂಡನೆಯ ಗುರುತು. ಸುತ್ತಲೂ ಸಣ್ಣ ಸಣ್ಣ ಹಲ್ಲು, ಅಚ್ಚುಕಟ್ಟಾಗಿ. ಸಭೆಯಲ್ಲಿ "ಹಾ" ಎಂಬ ಉಸಿರು ಎದ್ದಿತು.

"ಸೂರ್ಯ! ಎಣಿಸಿದ್ದೇನೆ. ಇಪ್ಪತ್ತೊಂದು ಕಿರಣ. ಮಿಷನ್‌ಗಳೂ ಇಪ್ಪತ್ತೊಂದು!"

ಅಷ್ಟು ಸಾಕಾಯಿತು. ಕೊನೆಯ ಮಿಷನ್ ಆದದ್ದು 1823ರಲ್ಲಿ, ಆದ್ದರಿಂದ ಹೆಂಚು ಅದಕ್ಕಿಂತ ಈಚಿನದು, ಫಲಕವೇ ತಪ್ಪು ಎಂದು ಎದ್ದರು ವಿನಿಫ್ರೆಡ್. ಅದು ಮೂಲ ಜನರ ಸೂರ್ಯ, ಪಾದ್ರಿಗಳ ಕಣ್ಣು ತಪ್ಪಿಸಿ ಅಡಿಯಲ್ಲಿ ಬರೆದದ್ದು ಎಂದ ಒಬ್ಬ ಗಡ್ಡದ ಪ್ರೊಫೆಸರ್. ಅಯ್ಯೋ, ಅದು ಪರಮಪ್ರಸಾದ ಇಡುವ ಬಂಗಾರದ ಪಾತ್ರೆಯ ಚಿತ್ರ ಎಂದಳು ಹಿಂದಿನ ಸಾಲಿನ ಮುದಿ ಕನ್ಯಾಸ್ತ್ರೀ. ಮೂರು ಪಕ್ಷವಾಗಿ ಜಗಳ ಹತ್ತಿತು.

ಕಿಂಡಿಯಲ್ಲಿ ತಲೆ ತೂರಿಸಿದ್ದ ಲಾಲಾಗೆ ಆ ಗುರುತು ಕಂಡ ಗಳಿಗೆಯಲ್ಲೇ ನಾಲಿಗೆಯ ಮೇಲೆ ಕಿತ್ತಳೆ ಸೋಡಾದ ರುಚಿ ಬಂದಿತು. ಅಪ್ಪನಿಗೆ ಅಕ್ಷರ ಬಾರದು, ನೂರರಾಚೆ ಎಣಿಕೆಯೂ ಬಾರದು. ನೂರನೆಯ ಹೆಂಚು ಬಂದಾಗ ಒಂದು ಸೋಡಾ ಒಡೆಯುತ್ತಿದ್ದ. ಅದರ ತಗಡಿನ ಮುಚ್ಚಳವನ್ನು ಹಲ್ಲು ಮೇಲಾಗಿ ನೆಲಕ್ಕಿಟ್ಟು, ಮೇಲೆ ಚೌಕಟ್ಟಿಟ್ಟು ಮಣ್ಣು ತುಂಬುತ್ತಿದ್ದ. ಒಣಗಿದ ಮೇಲೆ ಮುಚ್ಚಳ ಕಿತ್ತರೆ ಅಡಿಯಲ್ಲಿ ಗುರುತು; ಅದೇ ಅವನ ನೂರರ ಲೆಕ್ಕ. ಸೋಡಾದ ಕೊನೆಯ ಗುಟುಕು ಮಗಳದು. ಅದಕ್ಕಾಗಿಯೇ ಅಲ್ಲವೇ ಅವಳು ಅಂದು ಹಸಿ ಹೆಂಚಿನ ಮೇಲೆ ಕಾಲಿಟ್ಟು ಹಾರಿದ್ದು! ಸೋಡಾ ನೆನಪಿತ್ತು, ಮುಚ್ಚಳ ಮರೆತಿತ್ತು. ಐವತ್ತೇಳು ವರ್ಷ ಪುರಾವೆಯ ಮೇಲೆಯೇ ಓಡಾಡಿದ್ದಳು.

ಲಾಲಾ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಸಾರಿನ ಸೌಟು ಕೆಳಗೆ ಬೀಳುವ ಹಾಗೆ ನಕ್ಕಳು. ಇಡೀ ಸಭೆ ತಿರುಗಿ ನೋಡಿತು.

ಊಟಕ್ಕೆಂದು ಮಂಜುಗಡ್ಡೆಯ ತೊಟ್ಟಿಯಲ್ಲಿ ಸೋಡಾ ಬಾಟಲಿ ಇಟ್ಟಿದ್ದರು. ಒಂದನ್ನು ಎತ್ತಿಕೊಂಡಳು.

"ಏಯ್, ಬಾಯಿ ತೆಗೆಯಲ್ಲ ಅಂತ ಆಣೆ ಹಾಕಿದ್ಯಲ್ಲೇ!" ಎಂದು ಚಾಯೋ ಸೆರಗಿಲ್ಲದ್ದಕ್ಕೆ ಏಪ್ರನ್ ಹಿಡಿದು ಜಗ್ಗಿದಳು.

"ಬಾಟ್ಲಿ ತೆಗಿಯಲ್ಲ ಅಂದಿದ್ನಾ? ಬಿಡೇ."

ಮುಚ್ಚಳ ಕಿತ್ತು, ತಟ್ಟಲು ಇಟ್ಟಿದ್ದ ಒಂದು ಹಿಟ್ಟಿನುಂಡೆಗೆ ಒತ್ತಿ ತೆಗೆದು, ಅದನ್ನೂ ಮುಚ್ಚಳವನ್ನೂ ಅಂಗೈಯಲ್ಲಿಟ್ಟುಕೊಂಡು ನೆಟ್ಟಗೆ ವೇದಿಕೆಗೆ ನಡೆದಳು. ಒಂದು ಮಾತೂ ಆಡದೆ ಮೇಜಿನ ಮೇಲಿದ್ದ ಹೆಂಚಿನ ಪಕ್ಕದಲ್ಲಿ ಎರಡನ್ನೂ ಇಟ್ಟಳು. ಆರಿನ್ ಕನ್ನಡಕ ಏರಿಸಿದರು. ಜೇಬಿನಿಂದ ಹಲ್ಲು ಪರೀಕ್ಷಿಸುವ ಕಡ್ಡಿ ತೆಗೆದು ಹಿಟ್ಟಿನ ಹಲ್ಲು ಎಣಿಸಿದರು. ಇಪ್ಪತ್ತೊಂದು. ಇನ್ನೊಮ್ಮೆ ಎಣಿಸಿದರು. ಇಪ್ಪತ್ತೊಂದೇ. ಮುಖ ಬಿಳಿಚಿಕೊಂಡಿತು, ಕುರ್ಚಿ ಹುಡುಕಿ ಕುಳಿತರು.

ಲಾಲಾ ಅವರ ಕುರ್ಚಿಯ ಬಳಿ ಬಗ್ಗಿದಳು. ಇಡೀ ಬಾಳಿನಲ್ಲಿ ಒಂದು ಪ್ರಬಂಧ ಬರೆದ ಮನುಷ್ಯ! "ಡಾಕ್ಟ್ರೇ, ನನ್ನಿಂದ ತಪ್ಪಾಯ್ತು. ಒಳಗೆ ಕರೆದು ಹೇಳ್ಬೇಕಿತ್ತು" ಎಂದಳು.

ಆರಿನ್ನರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ವಿನಿಫ್ರೆಡ್ ನೀರು ತಂದರು. ನೋಡಿದರೆ ನಗು! "ಇಪ್ಪತ್ತೊಂದು ಮಿಷನ್! ಅಯ್ಯೋ ದೇವ್ರೇ, ಬೆಟ್ಟ ಅಗೆದು ಸೋಡಾ ಮುಚ್ಚಳ ಹಿಡಿದೆವಲ್ಲ!" ಸಭೆಗೆ ಸಭೆಯೇ ಬಿದ್ದುಬಿದ್ದು ನಕ್ಕಿತು. ಗಡ್ಡದ ಪ್ರೊಫೆಸರ್ ಮಾತ್ರ ನಗಲಿಲ್ಲ.

"ಒಂದು ಹೆಂಚು ಹೊಸದಿರಬಹುದು. ಅದರಿಂದ ಇಡೀ ನೆಲ ಹೊಸದು ಅಂತ ಹೇಗೆ ಹೇಳ್ತೀರಿ?" ಎಂದ.

"ಸಾಲಿಗೆ ಇಪ್ಪತ್ತು ಹೆಂಚು ಸ್ವಾಮಿ. ಐದು ಸಾಲಿಗೆ ನೂರು" ಎಂದಳು ಲಾಲಾ. "ನಮ್ಮಪ್ಪ ನೂರು ನೂರೇ ಹಾಸ್ತಾ ಬಂದ, ಗುರುತಿಂದು ಬಲಗೋಡೆ ಪಕ್ಕಕ್ಕೆ ಬರೋ ಹಾಗೆ. ಈ ಹೆಂಚು ಎಲ್ಲಿತ್ತೋ ಅಲ್ಲಿಂದ ಐದು ಸಾಲು ಮುಂದೆ ಹೋಗಿ ಎತ್ತಿ ನೋಡಿ. ಇಲ್ದಿದ್ರೆ ನನ್ನ ಸಾರು ಕುಡೀಬೇಡಿ."

ಈ ಸಂಘದವರಿಗೆ ಇದಕ್ಕಿಂತ ಇನ್ನೇನು ಬೇಕು? ಊಟದ ಹೊತ್ತಿಗೆ ನೂರಿಪ್ಪತ್ತು ಜನ ತಟ್ಟೆ ಬಿಟ್ಟು, ಪಾದ್ರಿಗಳನ್ನು ಹಿಡಿದು ಒಪ್ಪಿಸಿ, ಇಗರ್ಜಿಗೆ ನುಗ್ಗಿದರು. "ಸಾರು ಆರತ್ತೆ ಕಣ್ರೀ!" ಎಂದು ಚಾಯೋ ಕೂಗಿದ್ದು ಯಾರಿಗೂ ಬೇಕಾಗಲಿಲ್ಲ. ಐದನೆಯ ಸಾಲಿನ ತುದಿಯ ಹೆಂಚನ್ನು ವಿನಿಫ್ರೆಡ್ ಮೆಲ್ಲಗೆ ಎಬ್ಬಿಸಿ ತಿರುಗಿಸಿದರು. ಸೂರ್ಯ! ಹತ್ತನೆಯ ಸಾಲಿನದನ್ನು ಗಡ್ಡದವನೇ ಎಬ್ಬಿಸಿದ. ಅಲ್ಲೂ ಸೂರ್ಯ. ಅವನು ಕೈಯ ಮಣ್ಣು ಒರೆಸಿಕೊಂಡು, "ಅಮ್ಮ, ನಿಮ್ಮ ಸಾರು ಕುಡೀತೀನಿ" ಎಂದ.

ಆರಿನ್ ತಮ್ಮ ಪ್ರಬಂಧದ ಮೊದಲ ಹಾಳೆ ಹರಿದು ಜೇಬಿಗೆ ತುರುಕಿದರು. ಹೊಸ ಹಾಳೆ ತೆಗೆದು ಪೀಠದ ಮೇಲಿಟ್ಟುಕೊಂಡರು. ವಿನಿಫ್ರೆಡ್ ಸಂಘದ ದಪ್ಪ ದಾಖಲೆ ಪುಸ್ತಕ ಬಿಚ್ಚಿ, ತಾರೀಕು ಬರೆದು, "ಸಾಂತಾ ಎದುವಿಹೆಸ್ ಇಗರ್ಜಿಯ ನೆಲ. 1957. ಮಾಡಿದವರು" ಎಂದು ಗಟ್ಟಿಯಾಗಿ ಓದುತ್ತಾ ಬರೆದು ಪೆನ್ನು ನಿಲ್ಲಿಸಿದರು.

"ತಂದೆಯವರ ಹೆಸರು ಹೇಳಿ."

ಲಾಲಾ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಶೆರೀಫನ ಬಾಯನ್ನೂ ಪಾದ್ರಿಯ ಬಾಯನ್ನೂ ಮುಚ್ಚಿಸಿದ ಹೆಂಗಸು, ನೂರಿಪ್ಪತ್ತು ಜನರ ಮುಂದೆ, ಅಪ್ಪನ ಹೆಸರು ಹೇಳಲಾರದೆ ನಿಂತಳು. ಚಾಯೋ ಬಂದು ಬೆನ್ನ ಮೇಲೆ ಕೈಯಿಟ್ಟಳು. ಯಾರೂ ಅವಸರ ಮಾಡಲಿಲ್ಲ. ಮೂರು ದಿನ ಜಗಳವಾಡುವ ಆ ಜನ ಕಾದರು.

"ರೆಫುಹಿಯೊ" ಎಂದಳು ಸಣ್ಣಗೆ. "ರೆಫುಹಿಯೊ ಅರ್ಮೆಂತ ಒಲಿವಾಸ್."

ವಿನಿಫ್ರೆಡ್ ಬರೆದರು. ಆರಿನ್ ಬರೆದರು. ಗಡ್ಡದವನೂ ಬರೆದುಕೊಂಡ.

"ಹಿಂದಿನವರಿಗೆ ಕೇಳಿಸಲಿಲ್ಲ!" ಎಂದಳು ಬಾಗಿಲ ಬಳಿಯಿಂದ ಮುದಿ ಕನ್ಯಾಸ್ತ್ರೀ.

ಲಾಲಾ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಅಪ್ಪನ ನೆಲದ ಮೇಲೆ ಎರಡೂ ಕಾಲು ಊರಿ ನಿಂತು, ಸ್ಕೂಲಿನ ಊಟದ ಮನೆಯಲ್ಲಿ ಮುನ್ನೂರು ಮಕ್ಕಳಿಗೆ ಕೇಳಿಸುವಂತೆ ಕೂಗುತ್ತಿದ್ದ ದನಿಯಲ್ಲಿ, ಇನ್ನೊಮ್ಮೆ ಹೇಳಿದಳು.